ನೀರು ಎಲ್ಲಿಗೆ ಹೋಗುತ್ತದೆ?

ಕುಂಬಳೆ ಸೀಮೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಮಾಷ್ಟ್ರಿಗೆ ಲೆಕ್ಕ ಬರೆದಿಡುವುದು ಹುಟ್ಟುಗುಣದಂತೆ ಬಂದುದು. ಮನೆಯಂಗಳದಲ್ಲಿ ಮಳೆಮಾಪಕ ಇರಿಸಿ, ಪ್ರತಿದಿನ ಬೆಳಗ್ಗೆ ಅದರ ನೀರನ್ನು ಅಳೆದು ಪುಸ್ತಕದಲ್ಲಿ ದಾಖಲಿಸುವ ಅಡಿಕೆ ಕೃಷಿಕರು ಆ ಸೀಮೆಯಲ್ಲಿ ಇಂದಿಗೂ ಇದ್ದಾರೆ; ಮಾಷ್ಟ್ರು ಅವರಲ್ಲೊಬ್ಬರು. ಏಪ್ರಿಲಿನಲ್ಲಿ ಬಾವಿಯ ನೀರು ಎಷ್ಟು ಇಳಿಯಿತು, ಜೂನಿನಲ್ಲಿ ಶಾಲೆಯ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಸೇರಿದರು ಎಂಬುದೆಲ್ಲ ಅವರ ಪುಸ್ತಕಗಳಲ್ಲಿ ಸಿಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದಲ್ಲಿರುವ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಹೊರಟಾಗಲೂ ಅವರ ಪೆಟ್ಟಿಗೆಯಲ್ಲಿ ಒಂದು ಖಾಲಿ ಪುಸ್ತಕವಿತ್ತು. ಅಲ್ಲಿ ಅಳೆಯುವುದಕ್ಕೆ ಏನು ಸಿಕ್ಕೀತೆಂಬ ಕಲ್ಪನೆ ಮಾತ್ರ ಅವರಿಗಿರಲಿಲ್ಲ.

ಮಗಳು ಮತ್ತು ಅಳಿಯ ಕೊಂಡುಕೊಂಡ ಮನೆ 1920ರ ದಶಕದ್ದು. ಮರದ ಮನೆ, ಮೂರು ಅಂತಸ್ತು, ಕೆಳಗೆ ನೆಲಮಾಳಿಗೆ. ವೂಸ್ಟರಿನಲ್ಲಿ ಜನವರಿಯ ರಾತ್ರಿ ಉಷ್ಣತೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯುವುದು ಅಪರೂಪವೇನಲ್ಲ. ಕಾಸರಗೋಡಿನ ಸೆಖೆಯಲ್ಲಿ ಬೆಳೆದವರಿಗೆ ಮನೆಯನ್ನು ಬಿಸಿ ಮಾಡುವ ವ್ಯವಸ್ಥೆ ಎಂದರೆ ಒಂದು ಸೌಕರ್ಯವೆಂದು ತೋರಬಹುದು. ಅಲ್ಲಿ ಅದು ನೀರು, ಅನ್ನಗಳಷ್ಟೇ ಮುಖ್ಯ. ಅಮೆರಿಕದ ಈಶಾನ್ಯ ಭಾಗದ ಆ ಕಾಲದ ಅನೇಕ ಮನೆಗಳಂತೆ ಈ ಮನೆಯೂ ಬಿಸಿಯಾಗುತ್ತಿದ್ದುದು ನೀರಿನ ಆವಿಯಿಂದ. ನೆಲಮಾಳಿಗೆಯಲ್ಲಿ ಎರಕದ ಕಬ್ಬಿಣದ ಬಾಯ್ಲರ್. ಪ್ರತಿ ಕೋಣೆಯಲ್ಲಿ ಕಿಟಕಿಯ ಕೆಳಗೆ ಪಕ್ಕೆಲುಬುಗಳಂತೆ ಸಾಲುಗಟ್ಟಿದ ಕಬ್ಬಿಣದ ರೇಡಿಯೇಟರ್. ಎರಡನ್ನೂ ಜೋಡಿಸುವ ದಪ್ಪ ಕೊಳವೆಗಳು. ಬಾಯ್ಲರಿನ ಕೆಳಗೆ ಗ್ಯಾಸಿನ ಜ್ವಾಲೆ. ಆವಿಯನ್ನು ಮೇಲಕ್ಕೆ ತಳ್ಳಲು ಅಲ್ಲಿ ಪಂಪಿಲ್ಲ, ಫ್ಯಾನಿಲ್ಲ. ಆವಿ ತಾನಾಗಿ ಏರುತ್ತದೆ, ರೇಡಿಯೇಟರಿನಲ್ಲಿ ತಣಿದು ನೀರಾಗುತ್ತದೆ, ಆ ನೀರು ಇಳಿಜಾರಿನಲ್ಲಿ ಹರಿದು ಮತ್ತೆ ಬಾಯ್ಲರಿಗೆ ಬರುತ್ತದೆ.

ಇದನ್ನು ಕಂಡ ಮಾಷ್ಟ್ರಿಗೆ ನೆನಪಾದದ್ದು ಅಟ್ಟಿನಳಗೆ. ಹನ್ನೆರಡು ವರ್ಷದ ಮೊಮ್ಮಗ, ಕುದಿಯುವ ನೀರಿಗಿಂತ ಆವಿಯೇ ಏಕೆ ಬೇಕೆಂದು ಕೇಳಿದಾಗ ಅವರು ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಅಟ್ಟಿನಳಗೆಯಲ್ಲಿ ಬಾಳೆಯೆಲೆಯೊಳಗಿನ ಕೊಟ್ಟಿಗೆಯ ಹಿಟ್ಟಿಗೆ ನೀರು ತಾಗುವುದೇ ಇಲ್ಲ. ಆವಿ ಎಲೆಗೆ ತಾಗಿ ನೀರಾಗುವಾಗ ಬಿಟ್ಟುಕೊಡುವ ಶಾಖದಿಂದಲೇ ಅದು ಬೇಯುತ್ತದೆ. ಒಂದು ಕಿಲೋಗ್ರಾಂ ನೀರನ್ನು ಸೊನ್ನೆ ಡಿಗ್ರಿಯಿಂದ ನೂರು ಡಿಗ್ರಿಗೆ ತರಲು ನೂರು ಕಿಲೋಕ್ಯಾಲೊರಿ ಸಾಕು. ಅದೇ ನೀರನ್ನು ನೂರು ಡಿಗ್ರಿಯಲ್ಲಿಯೇ ಆವಿಯಾಗಿಸಲು ಸುಮಾರು 540 ಕಿಲೋಕ್ಯಾಲೊರಿ ಬೇಕು. ಉಷ್ಣಮಾಪಕದಲ್ಲಿ ಕಾಣದ ಈ ಶಾಖವನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದ ಆರಂಭದಲ್ಲಿ ಗುರುತಿಸಿದನು. ಅದು ಆವಿಯೊಳಗೆ ಅಡಗಿ ಕುಳಿತಿರುತ್ತದೆ. ಆವಿ ನೀರಾದ ಕ್ಷಣದಲ್ಲಿ ಹೊರಬೀಳುತ್ತದೆ. “ಅದಕ್ಕೆ ಗುಪ್ತೋಷ್ಣ ಎನ್ನುತ್ತಾರೆ,” ಎಂದರು ಮಾಷ್ಟ್ರು. ಮನೆಯಲ್ಲಿ ಕನ್ನಡ ಮಾತನಾಡುತ್ತಿದ್ದ, ಅಜ್ಜ ಬಂದ ಮೇಲೆ ಅಕ್ಷರಗಳನ್ನು ಕೂಡಿಸಿ ಓದಲು ತೊಡಗಿದ್ದ ಹುಡುಗ ಆ ಪದವನ್ನು ಎರಡು ಬಾರಿ ಹೇಳಿ ನೋಡಿದ. ಶಾಲೆಯಲ್ಲಿ ಅದರ ಇಂಗ್ಲಿಷ್ ಹೆಸರನ್ನು ಅವನಿನ್ನೂ ಕಲಿತಿರಲಿಲ್ಲ.

ಡಿಸೆಂಬರಿನಲ್ಲಿ ಬಾಯ್ಲರ್ ಸೋಲತೊಡಗಿತು. ಮೇಲಿನ ಅಂತಸ್ತಿನ ಕೋಣೆಗಳು ತಣ್ಣಗಾದವು. ಕೊಳವೆಗಳೊಳಗೆ ಸುತ್ತಿಗೆ ಬಡಿದಂಥ ಸದ್ದು ನಡುರಾತ್ರಿಯಲ್ಲಿ ಎಲ್ಲರನ್ನೂ ಎಬ್ಬಿಸಿತು. ಹೊರಗೆ ಚಿಮಣಿಯಿಂದ ದಟ್ಟ ಬಿಳಿ ಹಬೆ ಏಳುತ್ತಿತ್ತು. ಪರೀಕ್ಷಿಸಲು ಬಂದ ಸೇವಾಕರ್ಮಿ, ಬಾಯ್ಲರಿನ ಒಳಮೈ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ತುಕ್ಕು ತಿಂದು ತೂತಾಗಿದೆ, ಆವಿ ಚಿಮಣಿಗೆ ನುಗ್ಗುತ್ತಿದೆ ಎಂದ. ಎರಕದ ಕಬ್ಬಿಣದ ಆ ತೂತನ್ನು ಬೆಸುಗೆಯಿಂದ ಮುಚ್ಚಿ ನೆಚ್ಚಿಕೊಳ್ಳುವಂತಿರಲಿಲ್ಲ. ಹಿಂದಿನ ಮಾಲಿಕರು ಹಾಕಿಸಿದ ಆ ಬಾಯ್ಲರಿಗೆ ಇನ್ನೂ ಹದಿನಾಲ್ಕೇ ವರ್ಷ. ಎರಕದ ಬಾಯ್ಲರುಗಳು ಮೂವತ್ತು ವರ್ಷ ಬಾಳುವುದುಂಟು. ಹದಿನಾಲ್ಕರಲ್ಲೇ ಇದೇಕೆ ಸತ್ತಿತೆಂದು ಮಾಷ್ಟ್ರು ಕೇಳಿದಾಗ, ಮಗಳ ಮೂಲಕ ದೊರೆತ ಉತ್ತರ ಒಂದೇ ಮಾತಿನದು: “ಹಳೆಯ ಮನೆಯಲ್ಲವೇ?”

ಹೊಸ ಬಾಯ್ಲರಿನ ಬೆಲೆ ಕೇಳಲು ಮೂವರು ಗುತ್ತಿಗೆದಾರರನ್ನು ಕರೆಸಲಾಯಿತು. ಮೊದಲನೆಯವನು ರೇಡಿಯೇಟರುಗಳನ್ನೂ ಕೊಳವೆಗಳನ್ನೂ ಕಿತ್ತುಹಾಕಿ, ವಿದ್ಯುತ್ತಿನಿಂದ ನಡೆಯುವ ಹೀಟ್ ಪಂಪ್ ಹಾಕಿಸಿಕೊಳ್ಳಿ ಎಂದ. ಅದು ತಪ್ಪು ಸಲಹೆಯಲ್ಲ. ಇಂಧನ ಸುಡುವುದನ್ನು ಕಡಿಮೆ ಮಾಡಬೇಕೆಂಬ ಇಂದಿನ ದಿನಗಳಲ್ಲಿ ಹಲವರು ಆ ದಾರಿ ಹಿಡಿಯುತ್ತಿದ್ದಾರೆ. ಆದರೆ ನಡುಚಳಿಗಾಲದಲ್ಲಿ ಗೋಡೆ ಒಡೆದು, ವಿದ್ಯುತ್ ಜಾಲವನ್ನು ಬದಲಿಸಿ, ವಾರಗಟ್ಟಲೆ ಕೆಲಸ ನಡೆಸುವ ಸ್ಥಿತಿಯಲ್ಲಿ ಆ ಕುಟುಂಬ ಇರಲಿಲ್ಲ. ಎರಡನೆಯವನು ಹಳೆಯ ಬಾಯ್ಲರಿಗೆ ಅಂಟಿಸಿದ ಫಲಕವನ್ನು ಓದಿ, ಅದೇ ಗಾತ್ರದ ಹೊಸತನ್ನು ಮರುದಿನವೇ ತಂದು ಕೂರಿಸುತ್ತೇನೆಂದ. ಇಬ್ಬರೂ ಮೇಲಿನ ಅಂತಸ್ತಿಗೆ ಹತ್ತಲಿಲ್ಲ. ಎರಡನೆಯವನ ಬೆಲೆ ಕಡಿಮೆ. ಮಗಳ ಮನಸ್ಸು ಅತ್ತ ವಾಲಿತ್ತು. ಅವಳ ಆತುರದಲ್ಲಿ ಅನ್ಯಾಯವೇನೂ ಇರಲಿಲ್ಲ. ಮನೆಯಲ್ಲಿ ವಯಸ್ಸಾದ ತಂದೆ, ಚಿಕ್ಕ ಮಗ. ಹೊರಗೆ ಮೊಣಕಾಲೆತ್ತರದ ಹಿಮ.

ಮೂರನೆಯ ಕುಶಲಕರ್ಮಿ ಬರಲು ಹತ್ತು ದಿನಗಳಿದ್ದವು. ಅಷ್ಟರಲ್ಲಿ ಮಾಷ್ಟ್ರ ಕಣ್ಣು ಬಾಯ್ಲರಿನ ಪಕ್ಕದಲ್ಲಿದ್ದ ಗಾಜಿನ ನಳಿಗೆಯ ಮೇಲೆ ಬಿದ್ದಿತ್ತು. ಬಾಯ್ಲರಿನೊಳಗೆ ನೀರು ಎಷ್ಟಿದೆಯೆಂದು ತೋರಿಸುವ ನಳಿಗೆ ಅದು. ಆವಿಯ ವ್ಯವಸ್ಥೆಯಲ್ಲಿ ಅದೇ ನೀರು ಮತ್ತೆ ಮತ್ತೆ ಸುತ್ತಬೇಕು. ಹೊಸ ನೀರು ಬೇಕಾಗುವುದು ಬಹಳ ಕಡಿಮೆ. ಇಲ್ಲಿಯಾದರೋ ನೀರು ಇಳಿದೊಡನೆ ತಾನೇ ತುಂಬಿಕೊಳ್ಳುವ ಒಂದು ಉಪಕರಣವನ್ನು ಯಾರೋ ಹಿಂದೆ ಜೋಡಿಸಿದ್ದರು. ಅದರಿಂದಾಗಿ ಎಷ್ಟು ನೀರು ಒಳಗೆ ಹೋಗುತ್ತಿದೆಯೆಂದು ಮನೆಯವರಾರಿಗೂ ತಿಳಿಯದಂತಾಗಿತ್ತು. ಮಾಷ್ಟ್ರು ಅಳಿಯನಿಗೆ ಹೇಳಿ ಆ ಉಪಕರಣದ ಕವಾಟವನ್ನು ಮುಚ್ಚಿಸಿದರು. ನೀರು ಅಪಾಯದ ಮಟ್ಟಕ್ಕೆ ಇಳಿದರೆ ಜ್ವಾಲೆಯನ್ನು ತಾನಾಗಿ ಆರಿಸುವ ಸುರಕ್ಷಾ ಸ್ವಿಚ್ ಸರಿಯಾಗಿ ಕೆಲಸ ಮಾಡುತ್ತಿದೆಯೆಂದು ಮೊದಲು ನೋಡಿಕೊಂಡರು. ಕಾದ ಬಾಯ್ಲರಿನಲ್ಲಿ ನೀರು ಬತ್ತಿದಾಗ ತಣ್ಣೀರು ಸುರಿದರೆ ಏನಾದೀತೆಂದು ವಿಜ್ಞಾನದ ಅಧ್ಯಾಪಕರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ: ಕಬ್ಬಿಣ ಸಿಡಿಯಬಹುದು, ನೀರು ಒಮ್ಮೆಲೇ ಆವಿಯಾಗಿ ತನ್ನ ಗಾತ್ರದ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗಬಹುದು.

ಬಳಿಕ ಗಾಜಿನ ನಳಿಗೆಗೆ ದಾರ ಕಟ್ಟಿ ಗುರುತು ಮಾಡಿದರು. ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ನೀರಿನ ಮಟ್ಟ, ಹಾಕಿದ ನೀರು, ಹೊರಗಿನ ಉಷ್ಣತೆ, ಇವಿಷ್ಟನ್ನು ಖಾಲಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯತೊಡಗಿದರು. “ಅಪ್ಪಾ, ನೀವು ಆ ಥಂಡಿಯಲ್ಲಿ ಹೋಗಿ ನಿಲ್ಲಬೇಡಿ. ಹೇಗೂ ಅದನ್ನು ತೆಗೆದುಹಾಕುವುದೇ ಅಲ್ಲವೇ?” ಎಂದಳು ಮಗಳು. “ತೆಗೆಯುವುದು ಹೌದು ಮಗಾ. ಹೊಸತಕ್ಕೂ ಇದೇ ಗತಿ ಬರಬಾರದಲ್ಲ,” ಎಂದರು ಮಾಷ್ಟ್ರು.

ಜನವರಿಯ ನಡುವೆ ಎರಡು ದಿನ ಚಳಿ ಇಳಿದು, ಹಿಮ ಕರಗುವಷ್ಟು ಬೆಚ್ಚಗಾಯಿತು. ಆ ದಿನ ಅವರು ಬಾಯ್ಲರನ್ನು ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಆರಿಸಿಟ್ಟು ಗಮನಿಸಿದರು. ಬೆಂಕಿಯಿಲ್ಲ, ಆವಿಯಿಲ್ಲ, ಆದರೂ ನೀರು ಇಳಿಯಿತು. ಎರಡು ಇಂಚಿನಷ್ಟು ಇಳಿದು, ಅಲ್ಲಿಂದ ಕದಲದೆ ನಿಂತಿತು. ಬಾಯ್ಲರಿನ ಕೆಳಗೆ, ಸುತ್ತಲೂ ನೆಲ ಒಣಗಿಯೇ ಇತ್ತು. ಪುಸ್ತಕದಲ್ಲಿ ಅವರು ಬರೆದದ್ದು ಎರಡೇ ವಾಕ್ಯ: “ಬೆಂಕಿ ಇಲ್ಲದಾಗಲೂ ನೀರು ಇಳಿಯುತ್ತದೆ. ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ.”

ಮೂರನೆಯವನು ಐವತ್ತು ದಾಟಿದವನು. ಆವಿಯ ಕೊಳವೆಗಳ ಕೆಲಸವನ್ನೇ ಜೀವನವಿಡೀ ಮಾಡಿದವನು. ಬಂದವನು ಬಾಯ್ಲರಿನ ಕಡೆಗೆ ನೋಡದೆ ಅಳತೆಪಟ್ಟಿ ಹಿಡಿದು ಮೇಲಿನ ಅಂತಸ್ತಿಗೆ ಹೋದ. ಪ್ರತಿ ರೇಡಿಯೇಟರಿನ ಎತ್ತರ, ಅಗಲ, ಪಕ್ಕೆಗಳ ಸಂಖ್ಯೆ ಬರೆದುಕೊಂಡ. ಆವಿಯ ಬಾಯ್ಲರಿನ ಗಾತ್ರವನ್ನು ಗೊತ್ತುಮಾಡುವುದು ಮನೆಯ ವಿಸ್ತಾರದಿಂದಲ್ಲ, ಹಳೆಯ ಫಲಕದಿಂದಲೂ ಅಲ್ಲ. ಅದು ತುಂಬಬೇಕಾದ ರೇಡಿಯೇಟರುಗಳಿಂದ. ಅವುಗಳ ಸಾಮರ್ಥ್ಯವನ್ನು ಚದರಡಿಗಳಲ್ಲಿ ಎಣಿಸುವುದು ರೂಢಿ. ಒಂದು ಚದರಡಿಗೆ ಗಂಟೆಗೆ 240 ಬಿಟಿಯು ಶಾಖ. ಈ ಮನೆಯ ಏಳು ರೇಡಿಯೇಟರುಗಳು ಸೇರಿ 290 ಚದರಡಿ, ಎಂದರೆ ಗಂಟೆಗೆ 69,600 ಬಿಟಿಯು. ಹಳೆಯ ಬಾಯ್ಲರ್ 450 ಚದರಡಿಯದ್ದಾಗಿತ್ತು. ಹಿಂದೆಂದೋ ಅಡಿಗೆಮನೆಯನ್ನೂ ಜಗಲಿಯನ್ನೂ ಹೊಸದಾಗಿ ಕಟ್ಟಿಸಿದಾಗ ರೇಡಿಯೇಟರುಗಳನ್ನು ತೆಗೆದುಹಾಕಿದ್ದರು. ಬಾಯ್ಲರ್ ಬದಲಿಸಿದವರು ಅದನ್ನು ಎಣಿಸಿರಲಿಲ್ಲ. ನಾಲ್ಕು ಮಂದಿಯ ಮನೆಯಲ್ಲಿ ದಿನವೂ ಜಂಬರದ ಅನ್ನದ ಗುಡಾಣ ಇಟ್ಟಂತೆ, ಬೇಕಾದುದಕ್ಕಿಂತ ಒಂದೂವರೆ ಪಟ್ಟು ದೊಡ್ಡ ಬಾಯ್ಲರ್ ಇಷ್ಟು ವರ್ಷ ಗ್ಯಾಸ್ ಸುಟ್ಟಿತ್ತು. ಎರಡನೆಯ ಗುತ್ತಿಗೆದಾರ ತರಲು ಹೊರಟಿದ್ದುದು ಅದೇ ಗಾತ್ರವನ್ನು.

ಕೆಳಗಿಳಿದು ಬಂದ ಮೇಲೆ ಮಗಳು ಸಂಕೋಚದಿಂದಲೇ ತಂದೆಯ ಪುಸ್ತಕದ ವಿಷಯ ಹೇಳಿದಳು. ಓದಿ ಹೇಳಲು ಮೊಮ್ಮಗ ಕುಳಿತ. ಅಕ್ಷರಕ್ಕೆ ಅಕ್ಷರ ಕೂಡಿಸಿ ಕನ್ನಡದಲ್ಲಿ ಓದಿಕೊಂಡು, ಇಂಗ್ಲಿಷಿನಲ್ಲಿ ಹೇಳುತ್ತಾ ಹೋದ. ಎರಡು ಇಂಚು ಇಳಿದು ನಿಂತಿತೆಂಬ ವಾಕ್ಯ ಬಂದಾಗ ಕುಶಲಕರ್ಮಿ ತಡೆದು, ಮತ್ತೊಮ್ಮೆ ಓದಿಸಿದ. ಬಳಿಕ ಎದ್ದುಹೋಗಿ, ಬಾಯ್ಲರಿನ ಹಿಂದೆ ಮೇಲೇರಿ ಮತ್ತೆ ಇಳಿಯುವ ಒಂದು ಕೊಳವೆಯ ತಿರುವಿನ ಮೇಲೆ ಬೆರಳಿಟ್ಟು ತೋರಿಸಿದ. ನೀರು ನಿಂತ ಮಟ್ಟ ಆ ತಿರುವಿನ ಮಟ್ಟವೇ ಆಗಿತ್ತು.

ಆ ತಿರುವಿಗೆ ಹಾರ್ಟ್‌ಫರ್ಡ್ ಲೂಪ್ ಎಂದು ಹೆಸರು. ಅದರ ಹಿಂದೆ ನೋವಿನ ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಯ್ಲರ್ ಸ್ಫೋಟಗಳು ಅಮೆರಿಕದಲ್ಲಿ ಸಾಮಾನ್ಯವಾಗಿದ್ದವು. ಅವುಗಳನ್ನು ಪರಿಶೀಲಿಸಿ ವಿಮೆ ಮಾಡಿಸುವ ಕಂಪನಿಯೊಂದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ 1866ರಲ್ಲಿ ಆರಂಭವಾಯಿತು. 1905ರ ಮಾರ್ಚ್ 20ರಂದು ಮ್ಯಾಸಚೂಸೆಟ್ಸಿನ ಬ್ರಾಕ್‌ಟನ್ ಎಂಬ ಊರಿನ ಪಾದರಕ್ಷೆಯ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು, ಕಟ್ಟಡ ಕುಸಿದು ಬೆಂಕಿ ಹತ್ತಿ, 58 ಮಂದಿ ಸತ್ತರು. ಆ ದುರಂತದ ಬಳಿಕ ಆ ರಾಜ್ಯ 1907ರಲ್ಲಿ ಬಾಯ್ಲರುಗಳಿಗೆ ಕಾನೂನು ಮಾಡಿತು. ಮನೆಯ ಬಾಯ್ಲರಿನ ಒತ್ತಡ ಕಾರ್ಖಾನೆಯದರ ಹಾಗಲ್ಲ. ಚದರ ಇಂಚಿಗೆ ಎರಡು ಪೌಂಡಿಗಿಂತ ಕಡಿಮೆ ಸಾಕು, ಕಾರಿನ ಟಯರಿನೊಳಗೆ ಮೂವತ್ತು ಇರುತ್ತದೆ. ಆದರೂ ಹಿಂತಿರುಗುವ ಕೊಳವೆ ಎಲ್ಲಿಯಾದರೂ ಒಡೆದರೆ ಬಾಯ್ಲರಿನ ನೀರೆಲ್ಲ ಅದರ ಮೂಲಕ ಸೋರಿ, ಬರಿಯ ಕಬ್ಬಿಣ ಬೆಂಕಿಯ ಮೇಲೆ ಉಳಿಯುವ ಭಯವಿತ್ತು. ಅದನ್ನು ತಡೆಯಲು ಅದೇ ವಿಮಾ ಕಂಪನಿ 1919ರಲ್ಲಿ ಬಳಕೆಗೆ ತಂದ ಉಪಾಯವೇ ಈ ತಿರುವು. ಕೊಳವೆ ಒಡೆದರೂ ನೀರು ತಿರುವಿನ ಮಟ್ಟದವರೆಗೆ ಮಾತ್ರ ಇಳಿಯುತ್ತದೆ. ಅದರ ಕೆಳಗಿನ ನೀರು ಬಾಯ್ಲರಿನಲ್ಲಿ ಉಳಿಯುತ್ತದೆ.

ನೀರು ಸರಿಯಾಗಿ ಅಲ್ಲಿಯೇ ನಿಂತಿತೆಂದರೆ ಸೋರಿಕೆ ಬಾಯ್ಲರಿನಲ್ಲಿ ಅಲ್ಲ, ತಿರುವಿನಾಚೆಯ ಕೊಳವೆಯಲ್ಲಿ. ಆ ಕೊಳವೆ ಹೊರಗೆ ಕಾಣುತ್ತಿರಲಿಲ್ಲ. ನೆಲಮಾಳಿಗೆಯ ಕಾಂಕ್ರೀಟಿನ ಅಡಿಯಲ್ಲಿ ಮಣ್ಣಿನೊಳಗೆ ಹೂತಿತ್ತು. ಎಷ್ಟೋ ವರ್ಷಗಳಿಂದ ಅದು ನೀರನ್ನು ಮಣ್ಣಿಗೆ ಬಿಡುತ್ತಿತ್ತು. ಉಪಕರಣ ಸದ್ದಿಲ್ಲದೆ ಹೊಸ ನೀರು ತುಂಬುತ್ತಿತ್ತು. ಹೊಸ ನೀರಿನಲ್ಲಿ ಕರಗಿದ ಆಮ್ಲಜನಕವಿರುತ್ತದೆ. ನೀರು ಕಾದಾಗ ಅದು ಹೊರಬಿದ್ದು, ನೀರಿನ ಮಟ್ಟದ ಸುತ್ತಲಿನ ಕಬ್ಬಿಣವನ್ನು ತಿನ್ನುತ್ತದೆ. ಒಂದೇ ನೀರು ಸುತ್ತುತ್ತಿದ್ದರೆ ಆಮ್ಲಜನಕ ಬೇಗ ಮುಗಿದುಹೋಗುತ್ತದೆ, ತುಕ್ಕು ನಿಲ್ಲುತ್ತದೆ. ದಿನವೂ ಹೊಸ ನೀರು ಬಂದರೆ ದಿನವೂ ಹೊಸ ತುಕ್ಕು. ಬಾಯ್ಲರಿನ ಮರಣಕ್ಕೆ ಕಾರಣ ಬಾಯ್ಲರಿನಲ್ಲಿರಲಿಲ್ಲ. ಕೊಳವೆಯನ್ನು ಹಾಗೆಯೇ ಬಿಟ್ಟು ಹೊಸ ಬಾಯ್ಲರನ್ನು ಕೂರಿಸಿದ್ದರೆ, ಅದೂ ಕೆಲವು ವರ್ಷಗಳಲ್ಲಿ ಅದೇ ಜಾಗದಲ್ಲಿ ತೂತಾಗುತ್ತಿತ್ತು. ಆಗಲೂ ಯಾರಾದರೂ, ಹಳೆಯ ಮನೆಯಲ್ಲವೇ ಎನ್ನುತ್ತಿದ್ದರು.

ಕೆಲಸ ಮೂರು ದಿನ ನಡೆಯಿತು. ಹಳೆಯ ಕೊಳವೆಗಳ ಒಂದು ಭಾಗಕ್ಕೆ ಸುತ್ತಿದ್ದ ಬಿಳಿಯ ಹೊದಿಕೆ ಕಲ್ನಾರಿನದು. ಅದರ ದೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ, ಪರವಾನಗಿ ಪಡೆದವರು ಮೊದಲೇ ಬಂದು ಅದನ್ನು ತೆಗೆದುಕೊಂಡು ಹೋಗಿದ್ದರು. ಹಳೆಯ ಬಾಯ್ಲರನ್ನು ತುಂಡು ತುಂಡಾಗಿ ಬಿಚ್ಚಿ ಹೊರಗೆ ಹೊತ್ತರು. ಹೂತಿದ್ದ ಕೊಳವೆಯನ್ನು ಎರಡೂ ತುದಿಗಳಲ್ಲಿ ಕಡಿದು ಅಲ್ಲಿಯೇ ಬಿಟ್ಟು, ಅದರ ಬದಲು ಗೋಡೆಯ ಬುಡದಲ್ಲಿ, ಕಣ್ಣಿಗೆ ಕಾಣುವಂತೆ ಹೊಸ ಕೊಳವೆ ಹಾಯಿಸಿದರು. ಬಾಯ್ಲರಿನಿಂದ ಆವಿ ಹೊರಡುವ ಜಾಗದಲ್ಲಿ ತಾಮ್ರದ ಬೆಸುಗೆಯ ಕೊಳವೆಗಳನ್ನು ಬಳಸದೆ, ಮರೆಯಿರುವ ದಪ್ಪ ಉಕ್ಕಿನ ಕೊಳವೆಗಳನ್ನೇ ತಯಾರಕರ ನಕ್ಷೆಯಂತೆ ಜೋಡಿಸಿದರು. ಆ ಭಾಗ ಸರಿಯಾಗಿದ್ದರೆ ಆವಿ ಒಣಗಿ ಮೇಲೇರುತ್ತದೆ. ಇಲ್ಲದಿದ್ದರೆ ನೀರನ್ನೂ ಎಳೆದುಕೊಂಡು ಹೋಗಿ ಕೊಳವೆಗಳಲ್ಲಿ ಸುತ್ತಿಗೆಯ ಸದ್ದು ಎಬ್ಬಿಸುತ್ತದೆ. ಆ ಮೂರು ದಿನ ಕುಟುಂಬ ಒಂದೇ ಕೋಣೆಯಲ್ಲಿ ವಿದ್ಯುತ್ ಹೀಟರಿನ ಮುಂದೆ ಮಲಗಿತು. ರೇಡಿಯೇಟರುಗಳಲ್ಲಿ ನೀರು ನಿಂತಿರುವುದಿಲ್ಲವಾದ್ದರಿಂದ ಅವು ಹೆಪ್ಪುಗಟ್ಟಿ ಒಡೆಯುವ ಭಯವಿರಲಿಲ್ಲ. ಸ್ನಾನದ ಮನೆಯ ನಲ್ಲಿಯನ್ನು ಮಾತ್ರ ಸಣ್ಣಗೆ ಹರಿಯಬಿಟ್ಟರು.

ಬಾಯ್ಲರ್ ಹೊತ್ತಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಹೊಸ ಕೊಳವೆಗಳಿಗೆ ಮರೆ ಕೊರೆಯುವಾಗ ಬಳಸಿದ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಅದಿದ್ದರೆ ನೀರು ಹಾಲಿನಂತೆ ಉಕ್ಕುತ್ತದೆ. ಕುಶಲಕರ್ಮಿ ಪಕ್ಕದ ಒಂದು ಬಾಯಿಯಿಂದ ನೀರನ್ನು ಪೆನ್ಸಿಲಿನಷ್ಟು ಸಣ್ಣ ಧಾರೆಯಾಗಿ ಗಂಟೆಗಟ್ಟಲೆ ಬಕೆಟಿಗೆ ಹರಿಯಬಿಟ್ಟು ಎಣ್ಣೆ ತೆಗೆದ. ವಾರ ಕಳೆದು ಬಂದು ಮತ್ತೊಮ್ಮೆ ತೆಗೆದ. ನೀರು ತುಂಬುವ ಹೊಸ ಉಪಕರಣದಲ್ಲಿ, ಇದುವರೆಗೆ ಎಷ್ಟು ನೀರು ಒಳಗೆ ಹೋಗಿದೆಯೆಂದು ತೋರಿಸುವ ಅಂಕಿಫಲಕವಿತ್ತು. ಮಾಷ್ಟ್ರಿಗೆ ಅತ್ಯಂತ ಹಿಡಿಸಿದ ಭಾಗ ಅದು. ಒಟ್ಟು ಖರ್ಚು ಎರಡನೆಯ ಗುತ್ತಿಗೆದಾರ ಹೇಳಿದ್ದಕ್ಕಿಂತ ಹೆಚ್ಚಾಯಿತು. ಬಾಯ್ಲರ್ ಚಿಕ್ಕದಾದುದರಿಂದ ಉಳಿದ ಹಣ ಕೊಳವೆಯ ಕೆಲಸದಲ್ಲಿ ಕರಗಿ, ಅದರ ಮೇಲೂ ಕೈಯಿಂದ ಹಾಕಬೇಕಾಯಿತು. ಅಳಿಯ ಆ ವರ್ಷ ಊರಿಗೆ ಬರುವ ಪ್ರಯಾಣವನ್ನು ಮುಂದೂಡಿದ.

ಫೆಬ್ರವರಿಯಲ್ಲಿ ಊರಿನ ಶಾಲೆಯ ರಕ್ಷಕ ಶಿಕ್ಷಕ ಸಂಘದಿಂದ ಕರೆ ಬಂತು. ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಕನ್ನಡ ವಿಭಾಗವನ್ನು ಕೈಬಿಟ್ಟು ಪೂರ್ತಿ ಇಂಗ್ಲಿಷ್ ಮಾಧ್ಯಮ ಮಾಡುವ ಸಲಹೆ ಸಭೆಯ ಮುಂದಿದೆ, ಮಾಷ್ಟ್ರ ಅಭಿಪ್ರಾಯವೇನು ಎಂದು ಕೇಳಿದರು. ಹಿಂದಿನ ದಿನಗಳಾಗಿದ್ದರೆ ಅವರು ಮಾತೃಭಾಷೆಯ ಕುರಿತು ಅರ್ಧ ಗಂಟೆ ಮಾತನಾಡುತ್ತಿದ್ದರು. ಈ ಬಾರಿ ಅವರು ಕೇಳಿದ್ದು ದಾಖಲಾತಿ ಪುಸ್ತಕವನ್ನು. ಹತ್ತು ವರ್ಷಗಳಲ್ಲಿ ಒಂದನೆಯ ತರಗತಿಗೆ ಬಂದವರೆಷ್ಟು, ವರ್ಗಾವಣೆ ಪತ್ರ ಪಡೆದು ಹೋದವರೆಷ್ಟು, ಯಾವ ತರಗತಿಯಿಂದ, ಯಾವ ತಿಂಗಳಲ್ಲಿ? ಮಕ್ಕಳು ಒಂದಕ್ಕೇ ಬರುವುದಿಲ್ಲವೆಂದರೆ ಅದು ಒಂದು ಮಾತು. ಬಂದವರು ನಾಲ್ಕು ಮುಗಿಸಿ ಐದಕ್ಕೆ ಬೇರೆಡೆ ಹೋಗುತ್ತಾರೆಂದರೆ ಅದು ಬೇರೆ ಮಾತು. ಅದಕ್ಕೆ ಬಸ್ಸು ಕಾರಣವಿರಬಹುದು, ಕನ್ನಡ ಬಲ್ಲ ಅಧ್ಯಾಪಕರಿಲ್ಲದ ಒಂದು ಪಾಠ ಕಾರಣವಿರಬಹುದು. ಎರಡಕ್ಕೂ ಮದ್ದು ಒಂದೇ ಅಲ್ಲ. “ಲೆಕ್ಕ ತೆಗೆದ ಮೇಲೆ ಬದಲಿಸಬೇಕೆಂದೇ ಆದರೆ ಬದಲಿಸಿ. ಲೆಕ್ಕವಿಲ್ಲದೆ ಬದಲಿಸಿದರೆ ಹೊಸತರಲ್ಲಿಯೂ ಮಕ್ಕಳು ನಿಲ್ಲಲಿಕ್ಕಿಲ್ಲ,” ಎಂದರು. ಸಭೆ ತೀರ್ಮಾನವನ್ನು ಜೂನಿಗೆ ಮುಂದೂಡಿದೆ; ಇಬ್ಬರು ಅಧ್ಯಾಪಿಕೆಯರು ಪುಸ್ತಕಗಳನ್ನು ಬಿಚ್ಚಿ ಕುಳಿತಿದ್ದಾರೆ.

ಏಪ್ರಿಲಿನಲ್ಲಿ ಮಾಷ್ಟ್ರು ಊರಿಗೆ ಹೊರಡುವ ಮುನ್ನ ವಾರಕ್ಕೊಮ್ಮೆ ಮಾಡಬೇಕಾದುದನ್ನು ಮೊಮ್ಮಗನಿಗೆ ಒಪ್ಪಿಸಿದರು: ಗಾಜಿನ ನಳಿಗೆ ನೋಡುವುದು, ಅಂಕಿಫಲಕ ಓದುವುದು, ಗೋಡೆಯ ಬುಡದ ಕೊಳವೆಯನ್ನು ಕೈಯಿಂದ ಸವರಿ ಒದ್ದೆಯಿದೆಯೇ ಎಂದು ಪರೀಕ್ಷಿಸುವುದು. ಪುಸ್ತಕವನ್ನೂ ಅಲ್ಲಿಯೇ ಬಿಟ್ಟು ಬಂದರು. ಭಾನುವಾರಗಳಂದು ಹುಡುಗ ಅದರ ಪುಟದ ಚಿತ್ರ ತೆಗೆದು ಅಜ್ಜನಿಗೆ ಕಳುಹಿಸುತ್ತಾನೆ. ಅಕ್ಷರಗಳು ಇನ್ನೂ ಗೆರೆಯ ಮೇಲೆ ನಿಲ್ಲುವುದಿಲ್ಲ. ಕಳೆದ ವಾರದ ಸಾಲು ಹೀಗಿದೆ: “ಕೊಳವೆ ಒಣಗಿದೆ. ನೀರು ಹಾಕಲಿಲ್ಲ.”